ಐನಾಪುರೆ ಸರ್ ಓಡಿಹೋದ ದಿನಗಳು

2016ನೆಯ ಇಸವಿಯ ಆಗಸ್ಟ್ 8, ಸೋಮವಾರ. ಮೂಲ: ನನ್ನ ಕ್ಷೇತ್ರಕಾರ್ಯದ ದಿನಚರಿ, ಮೂರನೆಯ ಸಂಪುಟ. ತಾಳೆ ನೋಡುವುದಕ್ಕೆ ಅದೇ ಪುಟಕ್ಕೆ ಅಂಟಿಸಿದ ಧಾರವಾಡ–ಮಿರಜ ರೈಲು ಟಿಕೀಟು ಇದೆ. ಶಾಯಿ ಮಾಸಿದ್ದರೂ ತಾರೀಖು ಹಿಂದಿನ ದಿನದ್ದೆಂದು ಓದಬಹುದು, ಆದ್ದರಿಂದ ಹೊಂದುತ್ತದೆ. ಆ ಸೋಮವಾರ ಬೆಳಿಗ್ಗೆ ನಾನು ಮೊದಲ ಸಲ ಕಂಡಾಗ ಐನಾಪುರೆ ಸರ್ ಬಾಗಿಲಿಗೆ ಬೆನ್ನು ಮಾಡಿ, ಕಿಟಕಿಯ ಎದುರು ಎಡಗಣ್ಣು ಮುಚ್ಚಿ ನಿಂತಿದ್ದರು. ಎತ್ತಿ ಹಿಡಿದ ಕೈಯಲ್ಲಿ ಅಂಗೈಯಗಲದ ಕಬ್ಬಿಣದ ಚೌಕ, ಅದರ ಮೇಲೆ ಮೂಲೆಮಟ್ಟದ ಉಕ್ಕಿನ ಅಂಚು. ಎರಡರ ನಡುವೆ ಎಳೆಯಷ್ಟು ಬೆಳಕು ತೂರಿದರೂ ಮುಖ ಸಮನಾಗಿಲ್ಲವೆಂದು ಅರ್ಥ.

"ಬೆಳಕ ಬರಾಕತ್ತೈತಿ," ಎಂದು ಅವರು ಯಾರಿಗೋ ಸಾವು ತಿಳಿಸುವವರ ದನಿಯಲ್ಲಿ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಹುಡುಗ ಚೌಕವನ್ನು ಇಸಿದುಕೊಂಡು ಮತ್ತೆ ಮೇಜಿನ ವೈಸಿನ ಇಕ್ಕಳದಲ್ಲಿ ಬಿಗಿದು ಅರ ಹಿಡಿದ. ಅರಕ್ಕೆ ಆ ಸೀಮೆಯಲ್ಲಿ ಕಾನಸ ಎನ್ನುತ್ತಾರೆ. ಮೂವತ್ತು ಕಾನಸಗಳು ಒಟ್ಟಿಗೆ ಉಜ್ಜುವ ಆ ಸದ್ದು ಸಾಂಗಲಿಯ ವಿಶ್ರಾಮಬಾಗದಲ್ಲಿ ನಾನು ಹಿಡಿದ ಬಾಡಿಗೆ ಕೋಣೆಗೂ ನನ್ನ ಹಿಂದೆ ಬರುತ್ತಿತ್ತು. ಇಂದಿಗೂ ಕೆಲವು ಬೆಳಗುಗಳಲ್ಲಿ ಬರುತ್ತದೆ.

ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಮಿರಜದಿಂದ ಕುಪವಾಡಕ್ಕೆ ಹೋಗುವ ದಾರಿಯಲ್ಲಿ ತಗಡಿನ ಚಾವಣಿಯ ಕಾರ್ಯಶಾಲೆಗಳು ಸಾಲಾಗಿ ನಿಂತ ಒಂದು ವೃತ್ತಿಶಿಕ್ಷಣ ಕೇಂದ್ರ ಅದು. ಐನಾಪುರೆ ಅಲ್ಲಿ ಫಿಟರ್ ವಿಭಾಗದ ಮೊದಲ ವರ್ಷದ ಬೋಧಕರು. ಹತ್ತನೆಯ ತರಗತಿ ಮುಗಿಸಿ ಇಂಥಲ್ಲಿಗೆ ಬಂದು ಸೇರುವ ಹುಡುಗ ಹುಡುಗಿಯರ ಆಸೆಗಳೇನು, ಸೇರಿದ ಮೊದಲ ತಿಂಗಳುಗಳಲ್ಲಿ ಅವರ ಮನಸ್ಸು ಹೇಗಿರುತ್ತದೆ ಎಂಬುದನ್ನು ಅಭ್ಯಾಸ ಮಾಡಲು ಬಂದವನು ನಾನು. ನಿವೃತ್ತಿಗೆ ಮುನ್ನ ಕೈಗೆತ್ತಿಕೊಂಡ ಕೊನೆಯ ಕೆಲಸ. ಆಗಲೇ ದಣಿದಿದ್ದೆ. ಅವರೂ ದಣಿದಿದ್ದರು. ನಮ್ಮ ಸ್ನೇಹಕ್ಕೆ ಅದೇ ಬುನಾದಿಯಾಯಿತೆಂದು ತೋರುತ್ತದೆ.

ನನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆ, ಮುಂದೆ ಏನಾಗಬೇಕೆಂದು ಬಯಸುತ್ತೀರಿ, ಎಂಬುದು. ಐನಾಪುರೆ ಹೊಸಬರನ್ನು ಮೊದಲ ದಿನ ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಿದ್ದದ್ದು ಬೇರೆ. "ಏನಾಗಬೇಕಂತಿತ್ತು?" ಎನ್ನುತ್ತಿದ್ದರು. ಮರಾಠಿ ಹುಡುಗರಿಗೆ ಮರಾಠಿಯಲ್ಲಿ, ಜತ್ತ, ಅಥಣಿ ಕಡೆಯವರಿಗೆ ಕನ್ನಡದಲ್ಲಿ. ಪೊಲೀಸ್, ಮಿಲಿಟರಿ, ಇಂಜಿನಿಯರ್, ಇಲೆಕ್ಟ್ರಿಶಿಯನ್ ಎಂದು ಹುಡುಗರು ಹೇಳುತ್ತಿದ್ದರು. ಒಬ್ಬನು ಸಂಕೋಚವಿಲ್ಲದೆ, "ಹೀರೋ," ಎಂದ. ಯಾರ ಮಾತಿಗೂ ಅವರು ನಗುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. "ಹೂಂ. ಛಲೋ ಇತ್ತು," ಎಂದು ಕೈಗೊಂದು ಕಬ್ಬಿಣದ ತುಂಡು ಕೊಡುತ್ತಿದ್ದರು.

"ಮುಗಿದೇ ಹೋಯಿತು ಅನ್ನುವ ಹಾಗೆ ಕೇಳುತ್ತೀರಲ್ಲ, ಮಕ್ಕಳ ಮನಸ್ಸು ಇನ್ನಷ್ಟು ಕುಗ್ಗುವುದಿಲ್ಲವೇ?" ಎಂದು ನಾನು ಆಕ್ಷೇಪಿಸಿದೆ.

"ಫಿಟರ್ ಆಗಬೇಕಂತ ಆಸೆ ಹೊತ್ತು ಬಂದ ಹುಡುಗನ್ನ ನಾ ಇನ್ನೂ ನೋಡಿಲ್ರಿ, ಡಾಕ್ಟರ್ರ. ಬ್ಯಾರೆ ಕಡೆ ಸೀಟ ಸಿಗಲಾರದಕ್ಕ ಬಂದಾವ. ಆ ಬ್ಯಾರೆ ಕಡೆ ಯಾವುದಂತ ಒಬ್ಬರೂ ಕೇಳಿರಂಗಿಲ್ಲ. ಮನ್ಯಾಗಂತೂ ಕೇಳಿರಂಗಿಲ್ಲ. ಒಮ್ಮೆ ಹೇಳಿ ಕೆಳಗ ಇಡಲಿ. ಹೊತಗೊಂಡು ಕಾನಸ ಹೊಡಿಯಾಕ ಆಗೂದಿಲ್ಲ."

ನಾನು ಒಪ್ಪಲಿಲ್ಲ. ಕೆಳಗಿಟ್ಟದ್ದು ಅಲ್ಲಿಯೇ ಉಳಿಯುತ್ತದೆಯೇ ಎಂಬುದು ನನ್ನ ಅನುಮಾನವಾಗಿತ್ತು. ಈ ವಿಷಯದಲ್ಲಿ ನಾವಿಬ್ಬರೂ ಕೊನೆಯವರೆಗೆ ಒಮ್ಮತಕ್ಕೆ ಬರಲಿಲ್ಲ.

ಅವರ ಊರು ಮಿರಜವೇ. ಅಜ್ಜ ಕೃಷ್ಣಾ ತೀರದ ಐನಾಪುರದಿಂದ ಬಂದು ಮಿರಜದ ಪೇಟೆಯಲ್ಲಿ ಬೆಲ್ಲ, ಹಿಂಡಿಯ ಅಂಗಡಿ ಹಾಕಿದವರು. ಮನೆಮಾತು ಕನ್ನಡ, ಹಣೆಗೆ ವಿಭೂತಿ, ವ್ಯವಹಾರವೆಲ್ಲ ಮರಾಠಿ. ಅಂಗಡಿಯ ಗಾದಿಯ ಮೇಲೆ ಕುಳಿತುಕೊಳ್ಳಬೇಕಾಗಿದ್ದ ಕಿರಿಯ ಮಗ ಕಾನಸ ಹಿಡಿದದ್ದು ಹೇಗೆಂದು ನಾನು ಎರಡು ಸಲ ಕೇಳಿ ಎರಡು ಬೇರೆ ಉತ್ತರ ಪಡೆದಿದ್ದೇನೆ. ಎರಡನ್ನೂ ಇಲ್ಲಿ ಕೊಡುವುದಿಲ್ಲ. ಅಂಗಡಿ ನಡೆಸುತ್ತಿದ್ದ ಅಣ್ಣ ಮಾತ್ರ ನಲವತ್ತು ವರ್ಷವಾದರೂ ಚುಚ್ಚುವುದನ್ನು ಬಿಟ್ಟಿರಲಿಲ್ಲ. ಒಮ್ಮೆ ನನ್ನೆದುರಿಗೇ ಹೇಳಿದರು: "ನಾವೂ ಪುಡಿ ಮಾಡ್ತೀವಿ, ನಮ್ಮ ತಮ್ಮನೂ ಪುಡಿ ಮಾಡ್ತಾನ. ನಮ್ಮ ಬೆಲ್ಲದ ಪುಡಿಗೆ ಗಿರಾಕಿ ಅದಾರ. ಇವನ ಕಬ್ಬಿಣದ ಪುಡಿಗೆ?" ಐನಾಪುರೆ ತಟ್ಟೆಯಲ್ಲಿದ್ದ ಖಾರದ ಚುರುಮುರಿ ಭಡಂಗವನ್ನು ಬಾಯಿಗೆ ಹಾಕಿಕೊಳ್ಳುತ್ತ, "ನಿನ್ನ ತಕ್ಕಡಿ ಕೀಲ ಸವದು ನಿಂತಾಗ ಯಾರ ಕಡೆ ಬಂದಿದ್ದಿ, ಅಣ್ಣಾ?" ಎಂದರು. ಅಣ್ಣ ಚಹಾ ತರಿಸಿದರು.

ಅವರ ಬಳಿ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು. ಅಳತೆಯ ಆ ಉಪಕರಣ ಅವರ ಸ್ವಂತದ್ದು, ಸಾಗವಾನಿಯ ಹಳೆಯ ಪೆಟ್ಟಿಗೆಯಲ್ಲಿರುತ್ತಿತ್ತು. ತೆರೆಯುವಾಗ ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮುಚ್ಚಳದ ಒಳಮೈ ಯಾರಿಗೂ ಕಾಣದಂತೆ ತಮ್ಮ ಕಡೆಗೆ ತಿರುಗಿಸಿಕೊಂಡು, ಉಪಕರಣ ತೆಗೆದು ತಕ್ಷಣ ಮುಚ್ಚುತ್ತಿದ್ದರು. ಒಳಗೆ ಯಾರದೋ ಫೋಟೋ ಅಂಟಿಸಿದ್ದಾರೆಂದು ಹುಡುಗರಲ್ಲಿ ಪ್ರತೀತಿ. ಯಾರ ಫೋಟೋ ಎಂಬುದರ ಬಗ್ಗೆ ಪ್ರತಿ ವರ್ಷದ ತಂಡಕ್ಕೂ ತನ್ನದೇ ಊಹೆ ಇತ್ತು.

ಪ್ರಶ್ನಾವಳಿ ತುಂಬಿಸಿದ ದಿನದ ಪ್ರಸಂಗವೊಂದನ್ನು ಹೇಳಬೇಕು. ಅದರ ಕೊನೆಯ ಪುಟದಲ್ಲಿ ಸಾಲಾಗಿ ಐದು ಮುಖಗಳ ಚಿತ್ರ: ಎಡತುದಿಯಲ್ಲಿ ಅಳುವ ಮುಖ, ಬಲತುದಿಯಲ್ಲಿ ನಗುವ ಮುಖ. ಬೆಳಿಗ್ಗೆ ಏಳುವಾಗ ನಿಮ್ಮ ಮನಸ್ಸು ಹೇಗಿರುತ್ತದೋ ಆ ಮುಖಕ್ಕೆ ಗುರುತು ಹಾಕಿ, ಎಂದು ಸೂಚನೆ. ಹುಡುಗರು ಅಕ್ಕಪಕ್ಕ ನೋಡಿ, ನಕ್ಕು, ಬಹುತೇಕ ಎಲ್ಲರೂ ನಡುವಿನ ಮುಖಕ್ಕೆ ಗುರುತು ಹಾಕಿದರು. ಬಾಯಿ ಜಾಗದಲ್ಲಿ ನೆಟ್ಟನೆಯ ಗೆರೆಯೊಂದಿದ್ದ ಮುಖ. ಹೀಗಾದರೆ ವಿಶ್ಲೇಷಣೆಗೆ ಏನೂ ಉಳಿಯುವುದಿಲ್ಲವೆಂದು ನಾನು ಗೊಣಗಿದೆ. ಐನಾಪುರೆ ಕನ್ನಡಕ ಏರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಈ ಒಬ್ಬಂದು ಕಾನಸ ಕೆಲಸ ಬರೋಬ್ಬರಿ ಆಗೇತಿ ನೋಡ್ರಿ. ಎಲ್ಲೂ ಬೆಳಕ ಬರೂದಿಲ್ಲ."

ಮೂರನೆಯ ವಾರದಿಂದ ಗೈರುಹಾಜರಿ ಆರಂಭವಾಗುತ್ತದೆ. ಅಂಗೈಯ ಬೊಬ್ಬೆ ಒಡೆದು ಗಟ್ಟಿಯಾಗುವ ಮೊದಲಿನ ಹೊತ್ತು ಅದು. ಜೊತೆಗೆ ಓದಿದವರು ಕಾಲೇಜಿಗೆ ಸೇರಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ವಿಶ್ರಾಮಬಾಗದಲ್ಲಿ ಇಳಿಯುವ ಬಸ್ಸಿನಲ್ಲೇ, ಎಣ್ಣೆಯ ವಾಸನೆಯ ಖಾಕಿ ಅಂಗಿ ತೊಟ್ಟು ಇವರೂ ನಿಂತಿರಬೇಕು. ಬಾರದೆ ಹೋದವರ ಹೆಸರನ್ನು ಸಂಸ್ಥೆ ಕೆಲವು ದಿನ ಕಾದು ತೆಗೆದುಹಾಕುತ್ತಿತ್ತು. ಅದಕ್ಕೆ ಮುಂಚಿನ ಭಾನುವಾರ ಐನಾಪುರೆ ಸ್ಕೂಟರ್ ಹೊರಗೆ ತೆಗೆಯುತ್ತಿದ್ದರು.

ಅವರದೊಂದು ವಿಧಾನವಿತ್ತು. ಗೈರಾದವನು ಅರ್ಧ ಉಜ್ಜಿ ಬಿಟ್ಟುಹೋದ ಚೌಕವನ್ನು ಅವನ ವೈಸಿನಿಂದ ಬಿಚ್ಚದೆ, ಎಣ್ಣೆ ಹಚ್ಚದೆ ಹಾಗೆಯೇ ಇರಗೊಡುತ್ತಿದ್ದರು. ಮಳೆಗಾಲದ ಗಾಳಿಗೆ ಹೊಸದಾಗಿ ಉಜ್ಜಿದ ಕಬ್ಬಿಣ ಬೇಗ ಜಂಗು ಹಿಡಿಯುತ್ತದೆ. ಭಾನುವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋಗುವರು. ಚಹಾ ಕೇಳಿ ಕುಡಿಯುವರು. ಮನೆಯವರೊಂದಿಗೆ ಮಳೆ, ಅರಿಸಿನದ ಧಾರಣೆ, ಯಾರ ಮದುವೆ ಎಲ್ಲಾಯಿತು ಎಂಬುದನ್ನೆಲ್ಲ ಮಾತಾಡುವರು. ಶಿಕ್ಷಣದ ಮಾತೇ ಇಲ್ಲ. ನಡುವೆ ಚೌಕವನ್ನು ತೆಗೆದು ಹುಡುಗನ ಮುಂದೆ ಇಡುವರು. "ನಿಂದ. ಜಂಗ ಹಿಡದೈತಿ." ಅಷ್ಟೇ.

ಮಿರಜ ಸ್ಟೇಷನ್ನಿನ ಬಳಿ ಹಣ್ಣಿನ ಗಾಡಿ ಇಟ್ಟವರ ಮಗನೊಬ್ಬನ ಮನೆಯಲ್ಲಿ ನಾನಿದನ್ನು ಕಣ್ಣಾರೆ ಕಂಡೆ. ಹುಡುಗ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ನಾವು ಎರಡನೆಯ ಚಹಾ ಕುಡಿಯುವಷ್ಟರಲ್ಲಿ ಅವನ ಹೆಬ್ಬೆರಳು ತಾನಾಗಿಯೇ ಆ ಕಂದು ಕಲೆಯನ್ನು ತಿಕ್ಕುತ್ತಿತ್ತು. ತಾನು ನುಣುಪು ಮಾಡಿದ ಮುಖ ಕೆಟ್ಟದ್ದನ್ನು ನೋಡಿ ಸುಮ್ಮನಿರಲು ಕೈಗೆ ಆಗುವುದಿಲ್ಲ. ಮರುದಿನ ಅವನು ಬಂದ.

ಅದೂ ಸಾಲದಿದ್ದಾಗ ಅವರು ತಮ್ಮ ಕಥೆ ಹೇಳುತ್ತಿದ್ದರು. ಹುಡುಗನಾಗಿದ್ದಾಗ ತಾವೂ ಇಂಥದೇ ಕೇಂದ್ರಕ್ಕೆ ಸೇರಿ, ಮೊದಲ ತಿಂಗಳಿನಲ್ಲೇ ಓಡಿಹೋಗಿದ್ದ ಕಥೆ. "ನಾನೂ ಓಡಿ ಹೋಗಿದ್ದೆಪ್ಪಾ," ಎಂದು ಅವರು ಶುರು ಮಾಡಿದರೆ ಎದುರಿದ್ದವರ ಹೆಗಲು ಸಡಿಲವಾಗುವುದು ಕಾಣುತ್ತಿತ್ತು. ಓಡಿಹೋದವನೂ ಮುಂದೆ ಸರ್ ಆಗಬಹುದಾದರೆ, ಓಡಿಹೋದದ್ದು ಎಲ್ಲವೂ ಮುಗಿದಂತೆ ಅಲ್ಲ. ನಾನು ಆ ಕಥೆಯನ್ನು ಹಲವು ಸಲ ಕೇಳಿದೆ, ಪ್ರತಿ ಸಲವೂ ಬರೆದುಕೊಂಡೆ. ಒಂದರಲ್ಲಿ ಅವರು ಓಡಿಹೋದದ್ದು ಪಂಢರಪುರಕ್ಕೆ, ಇನ್ನೊಂದರಲ್ಲಿ ಹುಬ್ಬಳ್ಳಿಗೆ. ಒಂದರಲ್ಲಿ ಒಂದು ವಾರ, ಇನ್ನೊಂದರಲ್ಲಿ ತಿಂಗಳಿಗೆ ಹತ್ತಿರ. ನನ್ನ ಸ್ವಭಾವ ಇದನ್ನು ತಡೆಯಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಎಲ್ಲ ಪಾಠಾಂತರಗಳನ್ನೂ ಅವರ ಮುಂದಿಟ್ಟು, "ಸರಿಯಾದದ್ದು ಯಾವುದು?" ಎಂದು ಕೇಳಿದೆ.

ಅವರು ಸ್ವಲ್ಪವೂ ನಾಚದೆ ಹೇಳಿದರು: "ಆ ಹುಡುಗ ಎಷ್ಟು ದಿನ ಬಂದಿಲ್ಲೋ ಅದರಕಿಂತ ಎರಡ ದಿನ ಹೆಚ್ಚ ಹೇಳ್ತೇನ್ರಿ. ಅಂವಗ ನನಕಿಂತ ದೊಡ್ಡ ಗುನ್ನೇಗಾರ ಅನ್ನಿಸಬಾರದು."

"ಆದರೂ ನಿಜವಾಗಿ ಎಷ್ಟು ದಿನ?"

"ನೀವ ಒಂದು ನಡುವಿಂದು ಹಿಡದು ಬರಕೋರಿ."

ನಾನು ಹಾಗೆಯೇ ಮಾಡಿದೆ. ಮುಂದೆ ಅಚ್ಚಾದ ನನ್ನ ಅಧ್ಯಯನದ ಪ್ರಸ್ತಾವನೆಯಲ್ಲಿ, ಹೆಸರು ಹೇಳದೆ, "ತರಬೇತಿಯ ಮೊದಲ ತಿಂಗಳಿನಲ್ಲಿ ಸುಮಾರು ಎರಡು ವಾರ ಗೈರಾಗಿದ್ದ ಅನುಭವಿ ಬೋಧಕರೊಬ್ಬರು" ಎಂಬ ಉಲ್ಲೇಖವಿದೆ.

ಈಗ ಪ್ರಜ್ಞಾಳ ವಿಷಯ.

ಆ ವರ್ಷದ ಫಿಟರ್ ತಂಡದಲ್ಲಿದ್ದ ಇಬ್ಬರು ಹುಡುಗಿಯರಲ್ಲಿ ಅವಳೊಬ್ಬಳು. ವಿಜಯಪುರದ ಕಡೆಯಿಂದ ದುಡಿಯಲು ಬಂದು ಕುಪವಾಡದಲ್ಲಿ ನೆಲೆಸಿದ ಬೌದ್ಧ ಕುಟುಂಬ. ತಂದೆ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಸಿನದ ಚೀಲ ಹೊರುವ ಹಮಾಲ. ತಾಯಿ ಶಾಂತವ್ವ ಮಿರಜದ ಒಂದು ಆಸ್ಪತ್ರೆಯಲ್ಲಿ ವಾರ್ಡು ಗುಡಿಸುವವಳು. ಐನಾಪುರೆಯವರ ಮೊದಲ ದಿನದ ಪ್ರಶ್ನೆಗೆ ಅವಳು, "ನರ್ಸ್," ಎಂದಿದ್ದಳು. ನರ್ಸಿಂಗ್ ಕಲಿಯಲು ಹನ್ನೆರಡನೆಯ ತರಗತಿ ಮುಗಿಯಬೇಕು, ಅಲ್ಲಿಯತನಕ ಕಾಯಲಾಗದು, ಎರಡು ವರ್ಷಕ್ಕೆ ಕೈಗೆ ಕೆಲಸ ಬರಬೇಕು ಎಂದು ತಂದೆ ಇಲ್ಲಿಗೆ ಸೇರಿಸಿದ್ದ. ಆಗಸ್ಟ್ ಮುಗಿಯುವ ಹೊತ್ತಿಗೆ ಅವಳು ಬರುವುದನ್ನು ನಿಲ್ಲಿಸಿದಳು.

ನಾವು ಅವಳ ಮನೆಗೆ ಹೋದದ್ದು ಸೆಪ್ಟೆಂಬರ್ 4ರ ಭಾನುವಾರ. ಈ ತಾರೀಖಿನಲ್ಲಿ ಸಂಶಯವಿಲ್ಲ: ಮರುದಿನ ಗಣೇಶ ಚೌತಿ, ದಾರಿಯುದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಣಪತಿಗಳು ಟೆಂಪೋಗಳಲ್ಲಿ ಸಾಗುತ್ತಿದ್ದವು. ಹುಡುಗಿಯ ಮನೆಯೆಂದು ಐನಾಪುರೆ ತಮ್ಮ ಹೆಂಡತಿ ಸುನಂದಾಬಾಯಿಯವರನ್ನೂ ಕರೆತಂದಿದ್ದರು. ಬಾಗಿಲಲ್ಲಿ ನಿಂತು ಐನಾಪುರೆ, "ಶಾಂತವ್ವಾ, ಡಾಕ್ಟರ್ ಬಂದಾರ, ಚಾಪಿ ಹಾಸು," ಎಂದು ಕೂಗಿದರು. ಯಾವ ಮನೆಯ ಬಾಗಿಲನ್ನಾದರೂ ತೆರೆಸಲು ಅವರು ನನ್ನ ಪಿಎಚ್.ಡಿ.ಯನ್ನು ಹೀಗೆ ಬಳಸುವುದನ್ನು ನಾನು ಎಷ್ಟು ಸಲ ಬೇಡವೆಂದರೂ ಬಿಟ್ಟಿರಲಿಲ್ಲ. ಶಾಂತವ್ವ ಕಪಾಟಿನ ಮೇಲಿಂದ ಗಂಡನ ಸೊಂಟದ ಎಕ್ಸ್‌ರೇ ತೆಗೆದು ನನ್ನ ಕೈಗಿತ್ತಳು. ನಾನು ಆ ಡಾಕ್ಟರ್ ಅಲ್ಲವೆಂದು ವಿವರಿಸುವಷ್ಟರಲ್ಲಿ ಐನಾಪುರೆ ಅದನ್ನು ಇಸಿದುಕೊಂಡು, ಅಭ್ಯಾಸಬಲದಿಂದ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಪ್ರಜ್ಞಾ ಆ ಕ್ಷಣ ನಕ್ಕಳೆಂದು ನನ್ನ ನೆನಪು. ದಿನಚರಿಯಲ್ಲಿ ಅದಿಲ್ಲ.

ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಸಾಲಾಗಿ ಚಪ್ಪಲಿಗಳು. ಅವುಗಳ ಪಕ್ಕದಲ್ಲಿ ಹೊಸದೇ ಆದ, ಕೆಸರು ಸಹ ತಾಗದ ಕಪ್ಪು ಸೇಫ್ಟಿ ಬೂಟು. ಚಹಾ ಬಂತು. ಮಳೆಯ ಮಾತಾಯಿತು, ಅರಿಸಿನದ ಮಾತಾಯಿತು. ಐನಾಪುರೆ ಕರವಸ್ತ್ರ ಬಿಚ್ಚಿ ಚೌಕವನ್ನು ಅವಳ ಮುಂದಿಟ್ಟರು.

"ನಿಂದ. ಜಂಗ ಹಿಡದೈತಿ."

"ಹಿಡೀಲಿ, ಸರ್," ಎಂದಳು ಪ್ರಜ್ಞಾ.

ಅವಳು ಅದನ್ನು ಮುಟ್ಟಲಿಲ್ಲ. ಶಾಂತವ್ವ ಎತ್ತಿ ನೋಡಿ, ಒಳ್ಳೆಯ ತೂಕವಿದೆಯೆಂದು, ಗಾಳಿಗೆ ಬಡಿಯುತ್ತಿದ್ದ ಬಾಗಿಲಿಗೆ ಒತ್ತಾಗಿ ಇಟ್ಟುಬಿಟ್ಟಳು. ಅಷ್ಟು ವರ್ಷಗಳ ವಿಧಾನ ಹೀಗೆ ಬಾಗಿಲ ಸಂದಿಗೆ ಹೋದದ್ದನ್ನು ಐನಾಪುರೆ ನೋಡುತ್ತ ಕುಳಿತರು.

"ಕೈ ನೋವ ಆಗ್ತಾವೇನು?" ಎಂದು ಕೇಳಿದರು.

"ನಾಹೀ." ಮೊದಲು ಮರಾಠಿಯಲ್ಲಿ ಇಲ್ಲವೆಂದಳು. ಕನ್ನಡ ತಿಳಿದರೂ ಆಡುತ್ತಿದ್ದದ್ದು ಕಡಿಮೆ, ತಾಯಿಯ ಕಡೆ ಕೈ ತೋರಿಸಿ ತಡವರಿಸುತ್ತ ಮುಂದುವರಿಸಿದಳು. "ಕೈ ಅಲ್ಲ, ಸರ್. ಆಯಿ ಜೋಡಿ ನಾ ಸಣ್ಣಾಕಿದ್ದಾಗಿಂದ ಆಸ್ಪತ್ರೆಗೆ ಹೋಗತಿದ್ದೆ. ಆಯಿ ನೆಲಾ ವರಸತಿದ್ಲು. ನರ್ಸಬಾಯಿಗೋಳು ಬಿಳೀ ಬೂಟ ಹಾಕ್ಕೊಂಡು ಆ ಹಸೀ ನೆಲದ ಮ್ಯಾಲೆ ಹೋಗತಿದ್ರು. ಸಪ್ಪಳ ಸುದ್ಧಾ ಇಲ್ಲ. ನಾ ಅಂಥಾ ಬೂಟ ಹಾಕಬೇಕಂತ ಇದ್ದೆ." ಅವಳ ಕಣ್ಣು ಕಪ್ಪು ಬೂಟಿನ ಕಡೆ ಹೋಯಿತು. "ಪಪ್ಪಾ ಇದನ್ನ ತಂದು ಕೊಟ್ಟರು."

ಶಾಂತವ್ವ ಸೆರಗಿನಿಂದ ನೆಲದ ಮೇಲಿನ ಚಹಾದ ಹನಿಯೊಂದನ್ನು ಒರೆಸಿದಳು.

"ನಾನೂ ಓಡಿ ಹೋಗಿದ್ದೆವ್ವಾ," ಎಂದರು ಐನಾಪುರೆ.

ಈ ಸಲದ ಪಾಠಾಂತರ ನಾನು ಹಿಂದೆ ಕೇಳಿದ ಯಾವುದರಂತೆಯೂ ಇರಲಿಲ್ಲ. ಈ ಸಲ ಅವರು ಪಂಢರಪುರಕ್ಕೂ ಹೋಗಲಿಲ್ಲ, ಹುಬ್ಬಳ್ಳಿಗೂ ಹೋಗಲಿಲ್ಲ. ಮಿರಜದ ಆಸ್ಪತ್ರೆಯ ಕಂಪೌಂಡರ್ ಆಗಬೇಕೆಂಬ ಆಸೆಯಿತ್ತಂತೆ. ದಿನವೂ ಖಾಕಿ ಅಂಗಿ ತೊಟ್ಟು ಮನೆಯಿಂದ ಹೊರಟು, ತರಬೇತಿಗೆ ಹೋಗದೆ, ಆಸ್ಪತ್ರೆಯ ಗೇಟಿನ ಎದುರು ಕಟ್ಟೆಯ ಮೇಲೆ ಕುಳಿತು, ಕರ್ನಾಟಕದಿಂದ ಬಂದ ರೋಗಿಗಳಿಗೆ ದಾರಿ ತೋರಿಸುತ್ತ ಸಂಜೆಯವರೆಗೆ ಇರುತ್ತಿದ್ದರಂತೆ. ಹದಿಮೂರು ದಿನ. ಅವಳು ಬಾರದೆ ಹೋದದ್ದು ಹನ್ನೊಂದು ದಿನವೆಂದು ಹಾಜರಿಯಿಂದ ನನಗೆ ಗೊತ್ತಿತ್ತು.

ಪ್ರಜ್ಞಾ ಗಮನವಿಟ್ಟು ಕೇಳಿದಳು. ಆಮೇಲೆ, ಹಿಂದೆ ಯಾವ ಹುಡುಗನೂ ಕೇಳಿರದ ಪ್ರಶ್ನೆ ಕೇಳಿದಳು.

"ಮತ್ತ ವಾಪಸ್ ಯಾಕ ಬಂದ್ರಿ, ಸರ್?"

ಐನಾಪುರೆ ಖಾಲಿ ಕರವಸ್ತ್ರವನ್ನು ಮಡಚಿದರು. ಸುನಂದಾಬಾಯಿಯವರ ಕಡೆ ನೋಡಿದರು. ಆಕೆ ಲೋಟದೊಳಕ್ಕೆ ನೋಡುತ್ತಿದ್ದರು. ಹೊರಗೆ ಒಂದು ಗಣಪತಿ ತಾಶೆ ವಾದ್ಯದ ಸದ್ದಿನೊಂದಿಗೆ ದಾಟಿ ಹೋಯಿತು. ಅದು ಪೂರ್ತಿ ದೂರವಾಗುವವರೆಗೂ ಅವರಿಗೆ ಉತ್ತರ ಹೊಳೆಯಲಿಲ್ಲ. ಹಳೆಯ ನೋವು ತಡೆಯುತ್ತಿದೆಯೆಂದು ನಾನು ತಿಳಿದೆ.

"ಗೊತ್ತಿಲ್ಲವ್ವಾ," ಎಂದರು ಕೊನೆಗೆ. "ಅಲ್ಲಿ ಕುಂತ ಬ್ಯಾಸರಾತು. ಇಲ್ಲೂ ಬ್ಯಾಸರಿತ್ತು. ಇಲ್ಲಿ ಆದ್ರ ಕೈಗೆ ಏನೋ ಕೆಲಸಿತ್ತು."

ಇಷ್ಟು ಬಡಪಾಯಿ ಉತ್ತರವನ್ನು ನಾನು ನನ್ನ ಇಡೀ ವೃತ್ತಿಜೀವನದಲ್ಲಿ ದಾಖಲಿಸಿಲ್ಲ. ಪ್ರಜ್ಞಾ ತಲೆಯಾಡಿಸಿದಳು. ನಾವು ಹೊರಡುವಾಗ ಚೌಕ ಬಾಗಿಲಿನಲ್ಲೇ ಉಳಿಯಿತು. ಅವಳು ಮರುದಿನವೇ ಬಂದಳೆಂದು ಬಹಳ ಕಾಲ ನಾನು ಹೇಳಿಕೊಂಡು ಬಂದಿದ್ದೆ. ಮರುದಿನ ಚೌತಿಯ ರಜೆ, ಆದ್ದರಿಂದ ಅದು ಮಂಗಳವಾರವೇ ಆಗಿರಬೇಕು. ಕಪ್ಪು ಬೂಟು ತೊಟ್ಟು, ಚೌಕವನ್ನು ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಐನಾಪುರೆ ಜಂಗು ತೆಗೆಯಲು ಒಂದು ಹಳೆಯ ಕಾನಸ ಕೊಟ್ಟರು.

ಸ್ಕೂಟರಿನ ಬಳಿ ಅಂದು ಸಂಜೆ ನಾನು ಅಭಿನಂದಿಸಿದಾಗ ಅವರು ಹೇಳಿದ ಮಾತು ದಿನಚರಿಯಲ್ಲಿದೆ: "ಕುಂದ್ರಿಸಿದೆ, ಖರೆ. ಕುಂತು ಆಕಿಗೇನ ಸಿಗತೈತಿ, ಅದು ನನ್ನ ಕೈಯಾಗಿಲ್ಲ. ಬಾಗಲಿಗೆ ಒತ್ತ ಇಟ್ಟಂಗ ಇಡಬಾರದಲ್ರಿ ಮಕ್ಕಳನ್ನ."

2019ರಲ್ಲಿ ಅವರು ನಿವೃತ್ತರಾದರು. ನಾನು ಅದಕ್ಕೂ ಮೊದಲೇ ಧಾರವಾಡಕ್ಕೆ ಮರಳಿದ್ದೆ. ನಮ್ಮ ಕೊನೆಯ ಭೇಟಿ 2022ರ ಡಿಸೆಂಬರ್ 11, ಭಾನುವಾರ, ಮಿರಜದ ಅವರ ಮನೆಯಲ್ಲಿ. ಮೂತ್ರಪಿಂಡಗಳು ಕೆಟ್ಟಿದ್ದವು, ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. "ಈಗ ಎಲ್ಲಾ ಚೌಕ ಪಾಸ್ ರಿ. ಎಲ್ಲಿ ಬೆಳಕ ಬರಾಕತ್ತೈತಿ, ಕಾಣೂದ ಇಲ್ಲ," ಎಂದು ನಕ್ಕರು. ನಂತರ ದಿಂಬಿನ ಮೇಲೆ ತಲೆ ತಿರುಗಿಸಿ ಕೇಳಿದರು.

"ಆ ಪ್ರಜ್ಞಾ ಹೆಂಗದಾಳ?"

"ಕುಪವಾಡದ ಒಂದು ಕಾರ್ಖಾನೆಯಲ್ಲಿದ್ದಾಳೆ. ಕಾಯಂ ಆಗಿದೆಯಂತೆ. ತಂದೆಯ ಹಮಾಲಿ ಬಿಡಿಸಿದ್ದಾಳೆ."

"ಅದನ್ನ ಕೇಳಲಿಲ್ಲ ನಾ. ಹೆಂಗದಾಳ?"

ನಾನು ಅವಳನ್ನು ಹಿಂದಿನ ದಿನವಷ್ಟೇ ಕಂಡು ಬಂದಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದವಳು ಮಾತಿನ ನಡುವೆ ಎರಡು ಸಲ ಕಣ್ಣು ಮುಚ್ಚಿದ್ದಳು. "ನಡದೈತ್ರಿ," ಎಂದಿದ್ದಳು. ತಾಯಿಯನ್ನು ಆಸ್ಪತ್ರೆಗೆ ಬಿಡಲು ಹೋದಾಗ ಈಗಲೂ ನರ್ಸುಗಳ ಕಾಲಿನ ಕಡೆಯೇ ಕಣ್ಣು ಹೋಗುತ್ತದೆ ಎಂದೂ ಹೇಳಿದ್ದಳು.

"ನಡುವಿನ ಮುಖ," ಎಂದೆ.

ಅವರಿಗೆ ತಿಳಿಯಿತು. "ಹೂಂ," ಎಂದರು. ಆಮೇಲೆ, "ಅಳೂ ಮಾರಿ ಅಲ್ಲಲ್ಲ," ಎಂದರು. ಅದು ನನ್ನನ್ನು ಕೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ನಿಶ್ಚಯವಾಗಿ ಹೇಳಲಾರೆ.

ಮುಂದಿನ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಮಿರಜಕ್ಕೆ ಹೋದಾಗ ಮಳೆಗಾಲ ಮತ್ತೆ ಬಂದಿತ್ತು. ಸುನಂದಾಬಾಯಿ ಸಾಗವಾನಿಯ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟರು.

"ಇದನ್ನ ಆ ಪೋರಿಗೆ ಕೊಡಂತ ಹೇಳಿದ್ರು. ನನಗ ಕುಪವಾಡದ ತನಕ ಹೋಗಾಕ ಆಗವಲ್ದು. ನೀವ ಕೊಡ್ರಿ." ಆಮೇಲೆ ಸೆರಗನ್ನು ಸರಿಪಡಿಸಿಕೊಳ್ಳುತ್ತ ಹೇಳಿದರು: "ಬೇಕಾದ್ರ ತಗದ ನೋಡ್ರಿ. ಫೋಟೋ ಗೀಟೋ ಏನಿಲ್ಲ ಒಳಗ."

ನೋಡಿದೆ.

ಪ್ರಜ್ಞಾಳ ಕಾರ್ಖಾನೆಯಲ್ಲಿ ಆ ವರ್ಷ ಹೊಸದಾಗಿ ಅಪ್ರೆಂಟಿಸ್ ಆಗಿ ಬಂದವರನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂದಿತ್ತು. ಊಟದ ವೇಳೆಯಲ್ಲಿ, ಗೇಟಿನ ಒಳಗಿನ ಬೇವಿನ ಮರದ ಕೆಳಗೆ ನಾವು ಕುಳಿತೆವು. ಅವಳ ಪಕ್ಕದಲ್ಲಿ ಖಾಕಿ ಅಂಗಿಯ ಒಬ್ಬ ಹುಡುಗಿ ತೆರೆಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು. "ಒಂದು ವಾರ ಬಂದಿದ್ದಿಲ್ಲ. ಇವತ್ತ ಬಂದಾಳ, ಕೆಲಸ ಬಿಡತೇನಿ ಅನ್ನಾಕತ್ಯಾಳ," ಎಂದು ಪ್ರಜ್ಞಾ ನನಗೆ ಮೆಲ್ಲನೆ ತಿಳಿಸಿದಳು. ಅವಳ ಕನ್ನಡ ಈಗ ಸಲೀಸಾಗಿತ್ತು. ಐನಾಪುರೆಯವರ ಕನ್ನಡವೇ ಆಗಿತ್ತು.

ಪೆಟ್ಟಿಗೆಯನ್ನು ಕೊಟ್ಟೆ. ಅವಳು ಮಡಿಲಲ್ಲಿಟ್ಟುಕೊಂಡು ತೆರೆದಳು. ಮುಚ್ಚಳದ ಒಳಮೈಯನ್ನು ಓದಿದಳು. ಇನ್ನೊಮ್ಮೆ ಓದಿದಳು. ಕ್ಯಾಲಿಪರನ್ನು ಮುಟ್ಟಲೇ ಇಲ್ಲ.

"ನೀವು ಓದೀರೇನ್ರಿ?"

"ಓದಿದೆ."

"ಸರ್ ಬಗ್ಗೆ ಬರಿಯಾಕತ್ತೀರಂತ ಅಂದ್ರಲ್ಲ. ಇದನ್ನೂ ಬರೀತೀರಿ?"

"ಬರೆಯದೆ ಬಿಡುವುದು ನನಗೆ ಬರುವುದಿಲ್ಲ."

"ಬರೀರಿ." ಅವಳು ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಮುಚ್ಚಳ ಹಾಕಿದಳು. "ಇಕಿ ಮುಂದ ಮಾತ್ರ ಹೇಳಬ್ಯಾಡ್ರಿ."

ನಂತರ ಆ ಹುಡುಗಿಯ ಡಬ್ಬಿಯನ್ನು ತಾನೇ ತೆರೆದು, ಒಂದು ಚಪಾತಿ ಮುರಿದು ಅವಳ ಕೈಗಿತ್ತು, ಹೇಳತೊಡಗಿದಳು. ದನಿಯಲ್ಲಿ ಉತ್ಸಾಹವೇನೂ ಇರಲಿಲ್ಲ, ಪಾಳಿಯ ದಣಿವಿತ್ತು. "ನನಗ ಒಬ್ಬರು ಸರ್ ಇದ್ರು. ಅವರು ಸುದ್ಧಾ ಓಡಿ ಹೋಗಿದ್ರು. ಒಂಬತ್ತ ದಿನ."

ದಾಖಲೆಗಾಗಿ: ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಹಿತ್ತಾಳೆಯ ತಗಡಿದೆ. ಅದರ ಮೇಲೆ ಕೈಯಿಂದ ಕೊರೆದ ಮರಾಠಿ ಅಕ್ಷರಗಳಲ್ಲಿ ಅವರ ಹೆಸರು, ಫಿಟರ್ ವಿಭಾಗ, 1978–80 ಎಂದಿದೆ. ಕೆಳಗಿನ ಸಾಲಿನ ಅರ್ಥ ಇಷ್ಟು: ಎರಡೂ ವರ್ಷ ಒಂದು ದಿನವೂ ಗೈರಾಗದೆ ಹಾಜರಿದ್ದುದಕ್ಕೆ ಬಹುಮಾನ.